ಐವತ್ನಾಲ್ಕು ಕಂತು

ದಿನವಿಡೀ ನಾನು ಕೇಳುವುದು ಒಂದೇ ಪ್ರಶ್ನೆ:
ಇದು ಸ್ಪಷ್ಟವೋ, ಇದೋ?
ಮುಲುಂಡಿನ ಕನ್ನಡಕದಂಗಡಿಯಲ್ಲಿ ಹನ್ನೊಂದು ವರ್ಷ
ಪರರ ಕಣ್ಣೆದುರು ಗಾಜು ಬದಲಿಸಿದವಳು
ನನ್ನ ಹೆಸರಿಗೆ ಬಂದ ಲಕೋಟೆಗಳನ್ನು
ಒಡೆಯದೆ ಅಕ್ಕಿ ಡಬ್ಬದ ಹಿಂದೆ ತುರುಕಿದೆ.

ಫೋನು ಡಬ್ಬದ ಹಿಂದೆ ಕೂರುವ ಜಾತಿಯಲ್ಲ.
ಬೆಳಗಿನ ಏಳು ಐವತ್ತೆರಡರ ಸ್ಲೋ ಗಾಡಿಯಲ್ಲಿ
ಕಲ್ವಾದಿಂದ ಹತ್ತಿದ ಹೆಂಗಸರ ಮೊಣಕೈಗಳ ನಡುವೆ
ಎದೆಗವಚಿದ ಚೀಲದೊಳಗೆ ನಡುಗುತ್ತಲೇ ಇತ್ತು.
'ಎತ್ತಬಾರದೇನೇ?' ಎಂದಳು ಬಟಾಣಿ ಸುಲಿಯುತ್ತಿದ್ದ ಸುಲಭಾ.
'ಮೊಬೈಲ್ ಕಂಪನಿಯವರು' ಎಂದೆ.
ಎಂಟು ತಿಂಗಳಿಂದ ಅದೇ ಕಂಪನಿ.

ಹೇಗಾಯಿತೆಂದರೆ,
ಮಗಳ ನರ್ಸಿಂಗ್ ಫೀಸಿಗೆ ಒಂದು ಕಾರ್ಡು,
ಫ್ರಿಜ್ಜಿಗೆ ಇನ್ನೊಂದು,
ಆ ಎರಡರ ಹಸಿವಿಗೆ ಒಂದು ಆ್ಯಪು,
ಅದರ ಹಸಿವಿಗೆ ಸ್ಟೇಷನ್ ಹಿಂದಿನ ಫೈನಾನ್ಸು.
ಹಾಂ, ಮಹಾಬಳೇಶ್ವರಕ್ಕೆ ಹೋದದ್ದೂ ಉಂಟು, ಮೂರು ದಿನ.
ಸ್ಟ್ರಾಬೆರಿ ತಿಂದೆವು. ಅದನ್ನೇಕೆ ಮುಚ್ಚಿಡಲಿ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಿದ್ದಳು ಅಮ್ಮ.
ನಮ್ಮ ಖೋಲಿಯ ಹಾಸಿಗೆ ಹಗಲು ಗೋಡೆಗೆ ಒರಗಿ ನಿಲ್ಲುತ್ತದೆ,
ಇರುಳು ಬಿಚ್ಚಿದರೆ ಬಾಗಿಲು ತೆರೆಯುವುದಿಲ್ಲ.

ಕೊನೆಗೊಂದು ಶನಿವಾರ
ಭಾಂಡುಪಿನ ವಾಚನಾಲಯದ ಮೇಲಿನ ಮಾಳಿಗೆ.
ಬ್ಯಾಂಕಿನಿಂದ ನಿವೃತ್ತರಾದ ಕರಂದೀಕರ್ ಬಾಯಿ:
ಶುಲ್ಕವಿಲ್ಲ, ಚಹಾ ಉಂಟು, ಉಪದೇಶವಿಲ್ಲ.
'ಲಕೋಟೆ ಒಡೆಯಿರಿ ಕುಸುಮತಾಯಿ, ಒಂದೊಂದಾಗಿ.'
ಕತ್ತರಿ ಅವರೇ ತಂದಿದ್ದರು.

ಒಟ್ಟು ನಾಲ್ಕು ಲಕ್ಷ ನಲವತ್ತೊಂದು ಸಾವಿರ.
ಗೊತ್ತಿಲ್ಲದಾಗ ಅದು ಹತ್ತು ಲಕ್ಷವಿತ್ತು, ಇಪ್ಪತ್ತಿತ್ತು,
ರಾತ್ರಿ ಎರಡರ ಹೊತ್ತಿಗೆ
ಅದಕ್ಕೆ ಅಂಕಿಯೇ ಇರಲಿಲ್ಲ.

ಅಡಿಪಟ್ಟಿ ಇಟ್ಟು ಗೆರೆ ಎಳೆದರು.
ಬಾಡಿಗೆ, ಗ್ಯಾಸು, ರೈಲಿನ ಪಾಸು, ಅತ್ತೆಯ ಸಕ್ಕರೆ ಮಾತ್ರೆ,
ಒಂದರ ಕೆಳಗೊಂದು, ಶಾಲೆಯ ಮಕ್ಕಳ ಹಾಗೆ.
ನಮ್ಮ ಮಾತಿನಲ್ಲಿ ಸಾಲ ಅಂದರೆ ಇದು,
ಸಾಲು ಅಂದರೆ ನೀವು ನಿಲ್ಲಿಸಿದ್ದು,
ಸಾಲದು ಅಂದರೆ ತಿಂಗಳ ಇಪ್ಪತ್ತನೇ ತಾರೀಕು
ಎಂದು ಮರಾಠಿಯಲ್ಲಿ ಹೇಳಹೋಗಿ, ಹೇಳಲಾಗದೆ,
ನಕ್ಕುಬಿಟ್ಟೆ. ನಗು ಕೇಳಿ ನಾನೇ ತಿರುಗಿ ನೋಡಿದೆ.

ಎರಡು ಹಾಳೆ ನನ್ನೆದುರು ಹಿಡಿದರು.
'ಮೂವತ್ತಾರು ಕಂತೋ, ಐವತ್ನಾಲ್ಕೋ?
ಇದರಲ್ಲಿ ಉಸಿರಾಡಬಹುದೋ, ಇದರಲ್ಲೋ?'
ಅಯ್ಯೋ, ನನ್ನದೇ ಪ್ರಶ್ನೆ.
ಐವತ್ನಾಲ್ಕು ಎಂದೆ. ತಿಂಗಳಿಗೆ ಎಂಟು ಸಾವಿರದ ಇನ್ನೂರು.
ಕಾಗದ ಹೋದವು, ಬ್ಯಾಂಕಿನವರು ಬಡ್ಡಿ ನಿಲ್ಲಿಸಿದರು,
ಆ್ಯಪಿನವರು ಒಪ್ಪಲು ಗಣಪತಿ ಮುಳುಗಬೇಕಾಯಿತು.

'ಬೇರೆ ಯಾರದ್ದಾದರೂ ಉಂಟೇ?' ಎಂದು ಅಂದು ಕೇಳಿದ್ದರು.
ಇಲ್ಲವೆಂದೆ.
ಗಾಡಿಯಲ್ಲಿ ಹಾಳೆ ತಿರುವಿ, ಬೆನ್ನ ಮೇಲೆ ಕನ್ನಡದಲ್ಲಿ ಬರೆದೆ:
ಚಂಪಾ ಅತ್ತಿಗೆ. ಬಳೆ ಎರಡು.
ಬಡ್ಡಿಯಿಲ್ಲ, ರಸೀದಿಯಿಲ್ಲ, ಕಂತಿಲ್ಲ.
ಆಕೆ ಎಂದೂ ಕೇಳಲಿಲ್ಲ, ಅದಕ್ಕೇ
ಎರಡು ವರ್ಷ ಆಕೆಯ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಮರುದಿನ ವಿಕ್ರೋಳಿಯಲ್ಲಿ ಇಳಿದೆ.
ಹಾಳೆ ತೋರಿಸಿದೆ, ಮೊದಲು ಮುಖ, ಆಮೇಲೆ ಬೆನ್ನು.
ಕನ್ನಡಕ ಸಿಗದೆ ಆಕೆ ಅದನ್ನು ದೂರ ಹಿಡಿದು,
ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು ಓದಿದಳು.
'ಈ ಐವತ್ನಾಲ್ಕು ಮುಗಿಯಲಿ' ಎಂದಳು. 'ಚಹಾಕ್ಕೆ ಹಾಲಿಲ್ಲ, ತಾ ಹೋಗು.'

ಈ ತಿಂಗಳದ್ದು ಒಂಬತ್ತನೆಯದು.
ಏಳು ಐವತ್ತೆರಡರಲ್ಲಿ ಫೋನು ನಡುಗಿದರೆ
ಇಂದಿಗೂ ಹೊಟ್ಟೆ ಮೊದಲು ನಡುಗುತ್ತದೆ.
ತೆಗೆದು ನೋಡುತ್ತೇನೆ. ಅತ್ತಿಗೆ:
ಸಂಜೆ ಬರುವಾಗ ಬಂಗುಡೆ ತರ್ತೀಯಾ, ಆರು ಸಾಕು.
ಮಾತು ಮುಗಿಯುವ ಮೊದಲೇ ಸುಲಭಾ
ಬಟಾಣಿ ಚೀಲ ನನ್ನ ಮಡಿಲಿಗೆ ತಳ್ಳುತ್ತಾಳೆ:
ಕೈ ಖಾಲಿ ಇದೆಯಲ್ಲ, ಸುಲಿ.